ಹೆದ್ದಾರಿ ಬಿಟ್ಟು ಹೊಳೆಗುಂಟ

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತುವವರಿಗೆ ಉತ್ತರ ಕನ್ನಡವೆಂದರೆ ಗೋಕರ್ಣದ ಓಂ ಬೀಚು, ಮುರುಡೇಶ್ವರದ ಶಿವ, ಸೋಮವಾರ ಬೆಳಿಗ್ಗೆ ಮತ್ತೆ ಮೆಜೆಸ್ಟಿಕ್ಕು. ಕಾರಿದ್ದವರು ಹೆದ್ದಾರಿ 66 ಹಿಡಿದು ಕಾರವಾರದಿಂದ ಭಟ್ಕಳದವರೆಗೆ ಒಂದೇ ಉಸಿರಿಗೆ ಓಡುತ್ತಾರೆ. ದಾರಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ಹೊಳೆಗಳು ಅಡ್ಡ ಬರುತ್ತವೆ. ಸೇತುವೆಯ ಮೇಲೆ ಗಾಜಿಳಿಸಿ ಒಂದು ಫೋಟೊ, ಮುಂದಕ್ಕೆ. ತಿರುಗಾಟದ ರುಚಿ ಬಲ್ಲವರು ಅಲ್ಲೇ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳುತ್ತಾರೆ. ಈ ಜಿಲ್ಲೆಯ ಇತಿಹಾಸ ಕಡಲಂಚಿನಲ್ಲಿ ನಡೆದು ಹೋದದ್ದು ಕಡಿಮೆ. ಅದು ಘಟ್ಟದಿಂದ ಅಳಿವೆಗೆ ಇಳಿದು ಬಂದದ್ದೇ ಹೆಚ್ಚು.

ಕುಮಟಾದ ಹತ್ತಿಯನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ‘ಕುಮಟಾ’ ಎಂಬ ಹೆಸರಿನ ಹತ್ತಿಯೇ ಇತ್ತು. ಆದರೆ ಕುಮಟಾದ ಮಣ್ಣಿನಲ್ಲಿ ಹತ್ತಿ ಬೆಳೆದದ್ದಿಲ್ಲ. ಬೆಳೆಯುತ್ತಿದ್ದದ್ದು ಧಾರವಾಡದ ಕಪ್ಪುಭೂಮಿಯಲ್ಲಿ. ಅದು ಗಾಡಿಗಳಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಹಡಗು ಸೇರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತಾಗ ಈ ಪುಟ್ಟ ಬಂದರಿಗೆ ಸುಗ್ಗಿಯೋ ಸುಗ್ಗಿ. ಮುಂದೆ 1880ರ ದಶಕದಲ್ಲಿ ಹುಬ್ಬಳ್ಳಿಯ ಸರಕನ್ನು ರೈಲು ಮರ್ಮಗೋವಾಕ್ಕೆ ಎಳೆದೊಯ್ಯತೊಡಗಿತು, ಕುಮಟಾ ಬಂದರು ಸೊರಗಿತು. ಇಂದು ಕುಮಟಾ ಪೇಟೆಯಲ್ಲಿ ಚಹಾ ಕುಡಿದು ಹೊರಡುವವರಲ್ಲಿ ಎಷ್ಟು ಮಂದಿಗೆ ಇದರ ಸುಳಿವಿದೆಯೋ!

ಆಡಳಿತವೂ ಈ ಸೀಮೆಯನ್ನು ಅತ್ತಿತ್ತ ಎಳೆದಾಡಿದೆ. ಒಂದೇ ಕೆನರಾ ಜಿಲ್ಲೆಯನ್ನು ಬ್ರಿಟಿಷರು ಎರಡಾಗಿ ಒಡೆದು, 1862ರಲ್ಲಿ ಉತ್ತರದ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು. 1956ರವರೆಗೂ ಇಲ್ಲಿನವರಿಗೆ ನೌಕರಿ, ಓದು, ವ್ಯಾಪಾರ ಎಲ್ಲಕ್ಕೂ ಮುಂಬಯಿಯೇ ದಿಕ್ಕು.

ಕಾರವಾರಕ್ಕೆ ರವೀಂದ್ರನಾಥ ಠಾಕೂರರು ಬಂದದ್ದೂ ಈ ಮುಂಬಯಿ ನಂಟಿನಿಂದಲೇ. ಅಣ್ಣ ಸತ್ಯೇಂದ್ರನಾಥ ಠಾಕೂರರು ಐಸಿಎಸ್‌ ಪಾಸು ಮಾಡಿದ ಮೊದಲ ಭಾರತೀಯ. ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಬಂದ ತಮ್ಮನಿಗೆ ಆಗ ಇಪ್ಪತ್ತೆರಡು ವರ್ಷ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಮೂಡಿದ್ದು ಈ ತೀರದಲ್ಲಿ. ಕಡಲತೀರಕ್ಕೆ ಅವರ ಹೆಸರಿದೆ, ಮರಳ ಮೇಲೆ ಸಂಗ್ರಹಾಲಯವಾದ ಚಪಲ್ ಯುದ್ಧನೌಕೆಯೂ ನಿಂತಿದೆ. ಕಾಳಿಯನ್ನು ಹಿಡಿದು ಮೇಲಕ್ಕೆ ಹೋದರೆ ಕದ್ರಾ, ಕೊಡಸಳ್ಳಿ, ಸೂಪಾ ಅಣೆಕಟ್ಟುಗಳು ಒಂದರ ಮೇಲೊಂದು, ನಡುವೆ ಕೈಗಾ ಅಣುಸ್ಥಾವರ. ರಾಜ್ಯಕ್ಕೆ ಬೆಳಕು ಕೊಟ್ಟು ದಣಿದ ಹೊಳೆ ಇದು.

ಅಘನಾಶಿನಿಯದು ಬೇರೆಯೇ ಕಥೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದೊಡ್ಡ ಅಣೆಕಟ್ಟಿನ ಗೊಡವೆಯಿಲ್ಲದೆ ತದಡಿಯ ಬಳಿ ಕಡಲು ಸೇರುತ್ತದೆ. ಘಟ್ಟದ ಸಿಹಿನೀರೂ ಕಡಲಿನ ಉಬ್ಬರವೂ ತಡೆಯಿಲ್ಲದೆ ಕೂಡುವುದರಿಂದಲೇ ಅದರ ಅಳಿವೆಗೆ ಅಷ್ಟು ಕಸುವು. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರನ್ನು ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಇಳಿತದ ಹೊತ್ತಿಗೆ ದಂಡೆಗೆ ಹೋದರೆ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಅಂದಿನ ಸಾರೂ ಅದೇ, ಸಂತೆಯ ದುಡ್ಡೂ ಅದೇ.

ಅದೇ ದಂಡೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿವೆ. ಇಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರಿಗೂ ನೆರೆಗೂ ಜಗ್ಗುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ, ಅಕ್ಟೋಬರ್ ಸುಮಾರಿಗೆ ಕೊಯ್ಲು. ತೆನೆಯನ್ನಷ್ಟೇ ಕೊಯ್ದು, ಉದ್ದನೆಯ ಕೂಳೆಯನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಏರಿಯ ಬಾಗಿಲು ತೆರೆದರೆ ಉಬ್ಬರದ ಜೊತೆ ಮೀನು, ಸೀಗಡಿ ಒಳಗೆ ಬಂದು ಅದನ್ನೇ ಮೇದು ಕೊಬ್ಬುತ್ತವೆ. ಏರಿ ಒಡೆದರೆ ಒಬ್ಬನ ಗದ್ದೆಯಲ್ಲ, ಎಲ್ಲರದ್ದೂ ಹೋಗುತ್ತದೆ. ಹಾಗಾಗಿ ಕಗ್ಗದ ಬೇಸಾಯ ಊರೊಟ್ಟಿನ ಕೆಲಸ. ಇತ್ತೀಚೆಗೆ ಸೀಗಡಿ ಕೃಷಿಯ ಲಾಭ ಕಂಡು ಭತ್ತ ಬಿಟ್ಟವರೂ ಇದ್ದಾರೆ. ಪಕ್ಕದ ಸಾಣಿಕಟ್ಟೆಯಲ್ಲಿ ಇದೇ ನೀರನ್ನು ಬಿಸಿಲಿಗೆ ಒಡ್ಡಿ ಉಪ್ಪು ತೆಗೆಯುತ್ತಾರೆ. ಘಟ್ಟದ ಮೇಲಿನ ಮನೆಗಳ ಉಪ್ಪಿನಕಾಯಿ ಭರಣಿಗೆ ಇವತ್ತಿಗೂ ಸಾಣಿಕಟ್ಟೆಯ ಹರಳುಪ್ಪೇ ಆಗಬೇಕು.

ಈ ನೆಲ ಕನ್ನಡಕ್ಕೂ ಧಾರಾಳವಾಗಿ ಕೊಟ್ಟಿದೆ. ಗೋಕರ್ಣದ ಗೌರೀಶ ಕಾಯ್ಕಿಣಿ, ಅವರ ಮಗ ಜಯಂತ, ಹನೇಹಳ್ಳಿಯ ಯಶವಂತ ಚಿತ್ತಾಲ, ಬಂಕಿಕೊಡ್ಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಸು.ರಂ. ಎಕ್ಕುಂಡಿ, ಎಲ್ಲರೂ ಸೈಕಲ್ ತುಳಿದು ತಲುಪುವಷ್ಟು ಹತ್ತಿರದ ಊರಿನವರು. ಓಂ ಬೀಚಿಗೆ ಬರುವವರು ಹನೇಹಳ್ಳಿಯ ಹೆಸರಿನ ಫಲಕ ನೋಡಿಯೂ ನಿಲ್ಲುವುದಿಲ್ಲವೆಂಬುದು ಓದುಗರಿಗೆ ಸಣ್ಣ ಬೇಸರ.

ಮೆಣಸಿನ ಕಥೆಗೆ ಮಿರ್ಜಾನಿನಲ್ಲಿ ಇಳಿಯಬೇಕು. ಅಲ್ಲಿನ ಚಿರೆಕಲ್ಲಿನ ಕೋಟೆ ಮಳೆಗಾಲದಲ್ಲಿ ಪಾಚಿ ಹೊದ್ದು ಪೂರ್ತಿ ಹಸಿರಾಗುತ್ತದೆ. ನೋಡಲು ಅದೇ ಸೊಗಸಿನ ಕಾಲ. ಇದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ ಎಂಬುದು ಪ್ರತೀತಿ. ಹದಿನಾರನೆಯ ಶತಮಾನದ ನಡುವಿನಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಆಕೆಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಕಡೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ರಾಜ್ಯ ಸೋತಳು. ಆಕೆಯ ರಾಜಧಾನಿ ಇದ್ದದ್ದು ಶರಾವತಿಯ ದಂಡೆಯಲ್ಲಿ. ನಾಲ್ಕೂ ದಿಕ್ಕಿಗೆ ಬಾಗಿಲುಳ್ಳ ಚತುರ್ಮುಖ ಬಸದಿ ಅಲ್ಲಿನ ಕಾಡಿನ ನಡುವೆ ಇನ್ನೂ ಗಟ್ಟಿಯಾಗಿ ನಿಂತಿದೆ. ಮಿರ್ಜಾನಿನಷ್ಟು ಗಿರಾಕಿಗಳು ಅದಕ್ಕಿಲ್ಲ, ಆದರೆ ಎರಡರಲ್ಲಿ ಒಂದೇ ಎಂದರೆ ಬಸದಿಗೇ ಹೋಗಬೇಕು.

ಶರಾವತಿ ಕಡಲು ಸೇರುವ ಹೊನ್ನಾವರಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಯಾತ್ರಿಕ ಇಬ್ನ್ ಬತೂತಾ ಬಂದಿದ್ದ. ಈ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದೂ ಬೇರೆಲ್ಲೂ ಹೀಗೆ ನೋಡಿಲ್ಲವೆಂದೂ ಆತ ಬರೆದಿಟ್ಟಿದ್ದಾನೆ. ಅದೇ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳವಿದೆ. ಆಟವಿರುವ ರಾತ್ರಿ ಸಿಕ್ಕಿದರೆ ಕಡಲನ್ನು ಮರುದಿನಕ್ಕೆ ಮುಂದೂಡಬಹುದು.

ಮುರುಡೇಶ್ವರದ 123 ಅಡಿಯ ಶಿವನನ್ನು ನೋಡಬಾರದೆಂದಲ್ಲ. ನೋಡಿದವರು ಭಟ್ಕಳ ಪೇಟೆಗೂ ಒಂದು ಗಳಿಗೆ ಕೊಡಲಿ. ವಿಜಯನಗರಕ್ಕೆ ಅರಬ್ಬರ ಕುದುರೆ ಇಳಿಯುತ್ತಿದ್ದ ಬಂದರು ಅದು. 1542ರಲ್ಲಿ ಪೋರ್ಚುಗೀಸರು ಸುಟ್ಟರು. ನವಾಯತ ಮುಸ್ಲಿಮರ ಮನೆಗಳು, ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ, ಭಟ್ಕಳ ಮಲ್ಲಿಗೆಯ ಮಾಲೆ ಎಲ್ಲ ಹತ್ತಿರ ಹತ್ತಿರವೇ ಇವೆ.

ಮೂರೇ ದಿನದ ರಜೆ ಇದ್ದವರು ಎಲ್ಲ ಹೊಳೆಗಳ ಆಸೆ ಬಿಟ್ಟು ಅಘನಾಶಿನಿಯೊಂದನ್ನೇ ಹಿಡಿಯುವುದು ಲೇಸು. ಶಿರಸಿಯಲ್ಲಿ ಉಳಿದು ಉಂಚಳ್ಳಿ ನೋಡಿ. ದೇವಿಮನೆ ಘಟ್ಟ ಇಳಿದು ಕುಮಟಾ, ಮಿರ್ಜಾನ್. ಕೊನೆಗೆ ಸಾಣಿಕಟ್ಟೆ, ತದಡಿ. ಉಪ್ಪು ತೆಗೆಯುವುದನ್ನು ನೋಡಬೇಕಾದರೆ ಬೇಸಿಗೆ, ಕಗ್ಗದ ಕೊಯ್ಲಿಗೂ ತುಂಬಿದ ಜಲಪಾತಕ್ಕೂ ಅಕ್ಟೋಬರ್. ಜುಲೈಯಲ್ಲಿ ಹೊರಡುವವರು ರಸ್ತೆಯ ಸ್ಥಿತಿ ವಿಚಾರಿಸಿಕೊಂಡೇ ಹೊರಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕುಸಿದ ಗುಡ್ಡ ಹೆದ್ದಾರಿಯನ್ನು ಮುಚ್ಚಿ, ಅಲ್ಲಿದ್ದ ಜನರನ್ನು ಗಂಗಾವಳಿಗೆ ತಳ್ಳಿತ್ತು.