ಹೆಗಲ ಹೊಲಿಗೆ ಕೂತರೆ

ಹೈದರಾಬಾದಿನ ಪುರಾನಿ ಹವೇಲಿಗೆ ಹೋದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಬಟ್ಟೆ ಕಪಾಟು ನೋಡದೆ ಬರುವುದಿಲ್ಲ. ಕಪಾಟು ಅಂದರೆ ಅದಕ್ಕೆ ಅವಮಾನ, ಅದೊಂದು ಓಣಿ. ಉದ್ದಕ್ಕೂ ತೇಗದ ಬಾಗಿಲುಗಳು, ಎರಡು ಅಂತಸ್ತು, ಮೇಲೆ ಹತ್ತಲು ಕೈಯಿಂದ ನಡೆಸುವ ಮರದ ಲಿಫ್ಟು. ಒಮ್ಮೆ ತೊಟ್ಟದ್ದನ್ನು ದೊರೆ ಮತ್ತೆ ತೊಡುತ್ತಿರಲಿಲ್ಲವಂತೆ. ಅವರ ಮಗ ಮೀರ್ ಉಸ್ಮಾನ್ ಅಲಿ ಖಾನರನ್ನು 1937ರ ಫೆಬ್ರುವರಿಯಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತಿ ಶ್ರೀಮಂತ ಎಂದು ಮುಖಪುಟದಲ್ಲಿ ಅಚ್ಚು ಹಾಕಿತು. ಆ ಮಹಾಶಯರು ಮನೆಯಲ್ಲಿ ಇರುತ್ತಿದ್ದದ್ದು ಸಾದಾ ಹತ್ತಿಯ ಕುರ್ತಾ ಪೈಜಾಮದಲ್ಲಿ, ಹಳೇ ಟೋಪಿಯಲ್ಲಿ. ಊರು ಅದನ್ನು ಜಿಪುಣತನ ಅಂದಿತು. ಇದ್ದರೂ ಇದ್ದೀತು. ಈಗ ಅದೇ ಊರಿನ ಜುಬಿಲಿ ಹಿಲ್ಸ್, ಗಚ್ಚಿಬೌಲಿಯ ಮಂದಿ ಫೋನಿನಲ್ಲಿ ಹುಡುಕಿ ಹುಡುಕಿ ತರಿಸುವುದು ಮಗನ ಉಡುಪನ್ನು. ತೆರುವುದು ಮಾತ್ರ ಅಪ್ಪನ ಉಡುಪಿನ ಬೆಲೆ.

ನನಗೂ ಈ ಸಾದಾ ಬಟ್ಟೆಯ ಹುಚ್ಚಿದೆ, ಮುಚ್ಚಿಡುವುದೇನು. ಬೂದಿ, ಸುಣ್ಣದ ಬಿಳುಪು, ಕಾಡಿಗೆ, ಒಣಗಿದ ಎಲೆಯ ಹಸಿರು, ಇಷ್ಟೇ ಬಣ್ಣ. ಜರಿ ಇಲ್ಲ, ಕಸೂತಿ ಇಲ್ಲ, ಎದೆಯ ಮೇಲೆ ಕಂಪನಿಯ ಹೆಸರಿಲ್ಲ. ಗದ್ವಾಲ ಸೀರೆ ಉಟ್ಟವರನ್ನು ಕಂಡರೆ ಕಣ್ಣು ಮೊದಲು ಅಂಚಿಗೆ, ಆಮೇಲೆ ಸೆರಗಿಗೆ ಓಡುತ್ತದೆ. ಅಂಚೂ ಸೆರಗೂ ಇಲ್ಲದ ಅಂಗಿಯಲ್ಲಿ ಕಣ್ಣಿಗೆ ಓಡಲು ಜಾಗವೇ ಇಲ್ಲ. ಹೆಗಲು ಎಲ್ಲಿ ಮುಗಿಯಿತು, ತೋಳು ಎಲ್ಲಿಂದ ಇಳಿಯಿತು, ಬೆನ್ನಿನ ಬಟ್ಟೆ ಎಲ್ಲಿ ಸುಕ್ಕುಗಟ್ಟಿತು ಎಂದೇ ಅದು ನೋಡುತ್ತ ಕೂರುತ್ತದೆ. ಅಳತೆ ಸರಿಯಾದರೆ ಅದೇ ಅಲಂಕಾರ. ತಪ್ಪಿದರೆ ಆರು ಸಾವಿರದ ಅಂಗಿಯೂ ಯಾರೋ ಕೊಟ್ಟದ್ದನ್ನು ಹಾಕಿಕೊಂಡ ಹಾಗೆ ಕಾಣುತ್ತದೆ.

ಮಲ್ಖಾ ಬಟ್ಟೆಯ ಒಂದು ಕುರ್ತಾ ಈಗ ಮೇಜಿನ ಮೇಲಿದೆ. ಮಲ್ಖಾ ಹೈದರಾಬಾದಿನಲ್ಲೇ ಉಜ್ರಮ್ಮ ಮತ್ತು ಅವರ ಸಂಗಡಿಗರು ಬೆಳೆಸಿದ ಪ್ರಯೋಗ. ಗಿರಣಿಗೆ ಹೋಗುವ ಹತ್ತಿಯನ್ನು ಸುಮಾರು 170 ಕಿಲೋ ತೂಕದ ಬೇಲುಗಳಾಗಿ ಬಿಗಿದು ಒತ್ತುತ್ತಾರೆ, ಗಿರಣಿಯಲ್ಲಿ ಮತ್ತೆ ಅದನ್ನೇ ಬಡಿದು ಬಿಡಿಸುತ್ತಾರೆ. ಒತ್ತುವುದೂ ಬೇಡ, ಬಡಿಯುವುದೂ ಬೇಡ, ಅರಳೆಯನ್ನು ಅರಳಿದ ಹಾಗೆಯೇ ನೂಲಿಗೆ ಒಯ್ದು ಕೈಮಗ್ಗಕ್ಕೆ ಕೊಡೋಣ ಎಂಬುದು ಇವರ ಹಟ. ಆ ಹಟದ ಫಲ ಬೆರಳಿಗೆ ಸಿಗುತ್ತದೆ. ಬಟ್ಟೆಯನ್ನು ಹಿಡಿಯಲ್ಲಿ ಹಿಂಡಿ ಬಿಟ್ಟರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬೆಳಕಿಗೆ ಹಿಡಿದರೆ ಎಳೆಗಳು ಒಂದೇ ಸಮ ಇಲ್ಲ. ಒಂದು ಎಳೆ ಗೇಣುದ್ದ ದಪ್ಪಗೆ ಹಾದು ಮತ್ತೆ ತೆಳ್ಳಗಾಗುತ್ತದೆ. ನೀಲಿ ಬಣ್ಣ ಹೊಲಿಗೆಯ ಏಣಿನ ಮೇಲೆ ಮಾಸಿ, ಅದರ ಮಗ್ಗುಲಲ್ಲೇ ಕಡುವಾಗಿ ಉಳಿದಿದೆ. ಕಂಕುಳ ಕೆಳಗೆ ಒಂದು ಚೌಕದ ತುಂಡು ಇಟ್ಟು ಹೊಲಿದಿದ್ದಾರೆ. ಅಟ್ಟದ ಮೇಲಿನ ಡಬ್ಬಕ್ಕೆ ಕೈ ಚಾಚಿದರೂ ಕುರ್ತಾದ ಅಂಚು ಮೇಲೇಳುವುದಿಲ್ಲ, ಆ ತುಂಡು ತಾನು ಬಿಚ್ಚಿಕೊಂಡು ಉಳಿದದ್ದನ್ನು ಇದ್ದಲ್ಲೇ ಇರಿಸುತ್ತದೆ. ಕಾಜಾಗಳನ್ನು ಸಂದು ಬಿಡದೆ ಕೈಯಲ್ಲಿ ಕಟ್ಟಿದ್ದಾರೆ. ತೊಟ್ಟಾಗ ಇದಾವುದೂ ಎದುರಿಗಿದ್ದವರಿಗೆ ಕಾಣದು. ಕಾಣುವುದು ಹೆಗಲ ಮೂಳೆಯ ತುದಿಯಲ್ಲಿ ಕೂತ ಹೊಲಿಗೆ ಒಂದೇ. ಅದು ಕೂತಿರುವುದರಿಂದ ಉಳಿದ ಬಟ್ಟೆಗೆಲ್ಲ ಅಲ್ಲಿಂದ ಸಲೀಸಾಗಿ ಇಳಿಯಲು ಸಾಧ್ಯವಾಗಿದೆ.

ಹೆಗಲ ವಿಷಯದಲ್ಲಿ ಈ ಊರಿಗೆ ಹಳೇ ಶಿಸ್ತು ಉಂಟು. ಪತ್ಥರ್‌ಗಟ್ಟಿಯ ಸಾಲಿನಲ್ಲಿ ಇವತ್ತೂ ಶೇರವಾನಿ ಹೊಲಿಯುವವರಿದ್ದಾರೆ. ಮದುವೆ ಗಂಡಿನ ಝಗಝಗ ಶೇರವಾನಿಯ ಮಾತು ಬಿಡಿ. ನಿಜಾಮರ ಕಾಲದ ಕಚೇರಿಯ ಶೇರವಾನಿ ಒಂದೇ ಬಣ್ಣದ್ದು, ನಿಂತ ಕಾಲರು, ಸಾಲು ಗುಂಡಿ, ಬೇರೇನೂ ಇಲ್ಲ. ಕಲಬುರಗಿ, ಬೀದರ, ರಾಯಚೂರು 1948ರವರೆಗೆ ಈ ಸಂಸ್ಥಾನದಲ್ಲೇ ಇದ್ದವು, ಹೈದರಾಬಾದ್ ರಾಜ್ಯವಾದ ಮೇಲೂ 1956ರವರೆಗೆ ಈ ಊರೇ ಅವುಗಳ ರಾಜಧಾನಿ. ನಮ್ಮ ಕಡೆಯ ವಕೀಲರು, ಮಾಸ್ತರರು, ದಫ್ತರದ ಮಂದಿ ಗೋಡೆಯ ಫೋಟೋಗಳಲ್ಲಿ ಶೇರವಾನಿ ತೊಟ್ಟು ನಿಂತಿರುವುದು ಅದಕ್ಕೇ. ಆ ಫೋಟೋಗಳನ್ನು ನಾನು ಬಟ್ಟೆಗಾಗಿಯೇ ನೋಡುತ್ತೇನೆ. ಮುಖ ಮಾಸಿದೆ, ಹೆಗಲ ಗೆರೆ ಮಾಸಿಲ್ಲ.

ಪತ್ಥರ್‌ಗಟ್ಟಿಯ ಮಾಸ್ಟರೊಬ್ಬರು ಅಳತೆ ತೆಗೆಯುವಾಗ ಎದೆಯ ಸುತ್ತ ಟೇಪು ತಂದು, ಟೇಪಿನ ಒಳಗೆ ತಮ್ಮ ಎರಡು ಬೆರಳು ತೂರಿಸಿ, ಆಮೇಲೆ ಅಂಕಿ ಓದುತ್ತಾರೆ. ಯಾಕೆ ಅಂತ ಕೇಳಿದರೆ, “ಸಾಸ್ ಲೇನಾಚ್ ಪಡತಾ ನಾ ಸಾಬ್” ಅಂತ ನಕ್ಕರು. ಉಸಿರಾಡಬೇಕಲ್ಲ. ಆ ಎರಡು ಬೆರಳಿನ ಜಾಗದಲ್ಲಿದೆ ಉಡುಪಿನ ರಸವೆಲ್ಲ. ಮೈಯ ಅಳತೆ ಬೇರೆ, ಬಟ್ಟೆಯ ಅಳತೆ ಬೇರೆ, ನಡುವಿನ ಸಡಿಲ ದರ್ಜಿಯ ಕೈಚಳಕ. ಸಾಧಾರಣ ಅಂಗಿಗೆ ಎದೆಯ ಸುತ್ತ ನಾಲ್ಕು ಅಂಗುಲ ಸಡಿಲ ಬಿಡುತ್ತಾರೆ. ಈಗಿನ ದೊಗಲೆ ಶೈಲಿಗೆ ಎಂಟು, ಹತ್ತು. ಡೆಕ್ಕನ್ನಿನ ಒಣ ಬಿಸಿಲಲ್ಲಿ, ಮೇ ತಿಂಗಳು 40 ಡಿಗ್ರಿ ದಾಟಿದಾಗ, ಆ ಸಡಿಲದಲ್ಲಿ ಗಾಳಿ ಆಡುವ ಸುಖ ತೊಟ್ಟವರಿಗೇ ಗೊತ್ತು.

ಫೋನಿನೊಳಗಿನ ಅಂಗಡಿಯಲ್ಲಿ ಎರಡು ಬೆರಳು ತೂರಿಸುವವರು ಇಲ್ಲ. ಅಲ್ಲಿರುವುದು ಎಸ್, ಎಂ, ಎಲ್. ಇಲ್ಲವೇ ಅಂಕಿ. ಅಂಕಿಯಾದರೂ ನೆಟ್ಟಗಿದೆಯೇ? ಕಂಪನಿಯ ಫಾರ್ಮಲ್ ಶರ್ಟಿನ 40 ಅಂದರೆ ಕತ್ತಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. ಪಕ್ಕದ ಪುಟದ ಕುರ್ತಾದ 40 ಅಂದರೆ ಎದೆಯ ಸುತ್ತಳತೆ, ಅಂಗುಲದಲ್ಲಿ. ಒಂದೇ ಮನುಷ್ಯ, ಒಂದೇ ಅಂಕಿ, ಒಂದು ಕಡೆ ಕತ್ತು, ಇನ್ನೊಂದು ಕಡೆ ಎದೆ. ಎರಡೂ ಒಂದೇ ಅಂದುಕೊಂಡವರ ಮನೆಗೆ ಕೊರಿಯರ್ ಹುಡುಗ ವಾರಕ್ಕೊಮ್ಮೆ ಬರುತ್ತಿರುತ್ತಾನೆ.

ಅಕ್ಷರಗಳ ಕಥೆ ಇನ್ನೂ ವಿಚಿತ್ರ. ಸಿದ್ಧ ಉಡುಪಿಗೆ ಹೆಂಗಸರ ಮೈಯ ಲೆಕ್ಕ ಹಿಡಿಯಲು 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರನ್ನು ಅಳೆಯಿತು, ಒಬ್ಬೊಬ್ಬರ ಮೈಮೇಲೆ 59 ಅಳತೆ. (ಕೃಷಿ ಇಲಾಖೆಗೆ ಯಾಕೆ ಈ ಕೆಲಸ ಅನ್ನಬೇಡಿ, ಗೃಹವಿಜ್ಞಾನ ಅವರ ಪಾಲಿಗಿತ್ತು.) ಲೆಕ್ಕಕ್ಕೆ ಹಿಡಿದದ್ದು ಬಿಳಿಯರ ಮೈಯನ್ನು ಮಾತ್ರ. ಅದರ ಆಧಾರದ ಮೇಲೆ 1958ರಲ್ಲಿ ಅಲ್ಲಿನ ಸರಕಾರ ಹೊರಡಿಸಿದ ಮಾನದಂಡವನ್ನು 1983ರಲ್ಲಿ ಸರಕಾರವೇ ಕೈಬಿಟ್ಟಿತು. ಆಮೇಲೆ ಯಾವ ಕಂಪನಿಗೆ ಯಾವುದು ಎಂ ಅನ್ನಿಸಿತೋ ಅದೇ ಎಂ. ಗಿರಾಕಿ ಖುಷಿಪಡಲಿ ಅಂತ ನಿನ್ನೆಯ ಎಲ್‌ಗೆ ಇವತ್ತು ಎಂ ಎಂದು ಚೀಟಿ ಅಂಟಿಸುವುದೂ ನಡೆದಿದೆ.

ನಮ್ಮ ಮೈಗೆ ನಮ್ಮದೇ ಲೆಕ್ಕ ಬೇಕು ಎಂಬ ಮಾತು ದಿಲ್ಲಿಗೆ ಹೊಳೆದದ್ದು ತಡವಾಗಿ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಇಂಡಿಯಾಸೈಜ್ ಎಂಬ ಸಮೀಕ್ಷೆ ಕೈಗೆತ್ತಿಕೊಂಡಿತು. ಆರು ಊರು, 15ರಿಂದ 65 ವಯಸ್ಸಿನ 25,000 ಗಂಡಸರು ಹೆಂಗಸರು, ಮೈ ಮುಟ್ಟದೆ ಅಳೆಯುವ ತ್ರೀಡಿ ಸ್ಕ್ಯಾನರು, ಒಬ್ಬೊಬ್ಬರಿಂದ ನೂರಕ್ಕೂ ಮೀರಿದ ಅಳತೆ. ದೇಶದ ನಡುವಣ ಭಾಗಕ್ಕೆ ಆರಿಸಿದ್ದು ಹೈದರಾಬಾದನ್ನು. ಈ ಊರಿನಲ್ಲಿ ನಿಫ್ಟ್ 1995ರಿಂದ ಇದೆ. ತೆಂಕಣಕ್ಕೆ ಬೆಂಗಳೂರು. ಕಲಬುರಗಿಯ ಅಗಲ ಹೆಗಲು ಯಾವ ಊರಿನ ಲೆಕ್ಕಕ್ಕೆ ಬಿತ್ತೋ ಎಂಬ ಕುತೂಹಲ ನನ್ನದು. ಕೆಲಸ ಒಳ್ಳೆಯದೇ. ಆದರೆ ಸಾವಿರಾರು ಮೈಗಳ ಸರಾಸರಿಯಿಂದ ಬರುವುದು ಇನ್ನೂ ಒಳ್ಳೆಯ ಎಂ, ನನ್ನ ಅಂಗಿಯಲ್ಲ.

ನನ್ನ ಅಂಗಿಗೆ ದಾರಿ ನಮ್ಮ ಹೆಂಗಸರಿಗೆ ಎಂದಿನಿಂದಲೋ ಗೊತ್ತು. ಟೈಲರ್ ಹತ್ತಿರ ಹೋಗುವಾಗ ಹೊಸ ಬಟ್ಟೆಯ ಜೊತೆ ಅಳತೆ ಬ್ಲೌಸ್ ಇಟ್ಟುಕೊಂಡು ಹೋಗುತ್ತಾರಲ್ಲ, ಅದೇ. ಚೆನ್ನಾಗಿ ಕೂತ ಹಳೆಯದೊಂದು ಬ್ಲೌಸ್, ಅದರ ಮೇಲೆ “ತೋಳು ಅರ್ಧ ಇಂಚು ಇಳಿಸು, ಕತ್ತು ಇಷ್ಟೇ ಇರಲಿ” ಎಂಬ ತಿದ್ದುಪಡಿ. ಮೈಯನ್ನು ಅಳೆಯುವ ಗೋಜೇ ಇಲ್ಲ. ಸಡಿಲವೂ ಸೇರಿದ ಅಳತೆ ಆ ಬ್ಲೌಸಿನಲ್ಲೇ ಕೂತಿದೆ.

ಆನ್‌ಲೈನ್ ಖರೀದಿಗೂ ನಾನು ಮಾಡುವುದು ಇದನ್ನೇ. ಕಪಾಟಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೂರುವ ಅಂಗಿಯನ್ನು ಇಸ್ತ್ರಿ ಮಾಡಿ, ಗುಂಡಿ ಹಾಕಿ, ನೆಲದ ಮೇಲೆ ಎಳೆಯದೆ ಹರವುತ್ತೇನೆ. ಒಂದು ಕಂಕುಳಿಂದ ಇನ್ನೊಂದಕ್ಕೆ ಟೇಪು. ಅದರ ಎರಡರಷ್ಟು ಬಟ್ಟೆಯ ಎದೆ. ಒಂದು ಹೆಗಲ ಹೊಲಿಗೆಯಿಂದ ಇನ್ನೊಂದಕ್ಕೆ. ಕತ್ತಿನ ಬುಡದಿಂದ ಕೆಳ ಅಂಚಿಗೆ. ಹೆಗಲಿಂದ ಮಣಿಕಟ್ಟಿಗೆ. ಈ ನಾಲ್ಕು ಅಂಕಿ ಸಾಕು. ಟೇಪು ಮಾತ್ರ ಅಜ್ಜಿಯ ಕಾಲದ ಬಟ್ಟೆ ಟೇಪಾಗಿದ್ದರೆ ಸ್ಕೇಲಿನ ಪಕ್ಕ ಹಿಡಿದು ನೋಡಿ, ಎಳೆದೆಳೆದು ಉದ್ದವಾಗಿರುತ್ತದೆ.

ಆಮೇಲೆ ಕಂಪನಿಯ ಪಟ್ಟಿ ಓದುವುದು. ಪಟ್ಟಿಯ ತಲೆಬರಹದಲ್ಲಿ ಮೈಯ ಅಳತೆ ಎಂದಿದೆಯೋ ಬಟ್ಟೆಯ ಅಳತೆ ಎಂದಿದೆಯೋ ನೋಡದೆ ಮುಂದೆ ಹೋಗಬಾರದು. ಎದೆ 40 ಎಂದು ಮೈಯ ಲೆಕ್ಕ ಬರೆದಿದ್ದರೆ ಅಂಗಿ 44 ಇರುತ್ತದೆ; ಬಟ್ಟೆಯ ಲೆಕ್ಕವಾದರೆ 40ರ ಎದೆಯವರು ಅದರಲ್ಲಿ ಗುಂಡಿ ಹಾಕಿ ಕೂರಲಾರರು. ದೊಗಲೆ ಎಂದೇ ಕತ್ತರಿಸಿದ ಅಂಗಿಗೆ ನಿಮ್ಮ ಎಂದಿನ ಸೈಜನ್ನೇ ತೆಗೆದುಕೊಳ್ಳಿ, ಇನ್ನಷ್ಟು ದೊಗಲೆಯಾಗಲಿ ಎಂದು ಒಂದು ಮೆಟ್ಟಿಲು ಹತ್ತಬೇಡಿ. ಕತ್ತರಿಸಿದವರು ಸಡಿಲವನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಹೆಗಲು ಬೇಕೆಂದೇ ಇಳಿಬಿದ್ದ ಕತ್ತರಿಕೆಯಲ್ಲಿ ಹೆಗಲ ಅಂಕಿಗೆ ಅರ್ಥವಿಲ್ಲ, ಅಲ್ಲಿ ತೋಳಿನ ಉದ್ದ ನೋಡಬೇಕು. ಮಾಡೆಲ್ ಆರಡಿ ಎತ್ತರ, ತೊಟ್ಟಿರುವುದು ಎಂ ಎಂದು ಬರೆದಿದ್ದರೆ ಅಂಗಿ ಅವನಿಗೆ ತೊಡೆಯ ಯಾವ ಭಾಗಕ್ಕೆ ಬಂತು ಎಂದು ನೋಡಿದರೆ ನಮ್ಮ ಮೊಣಕಾಲಿನ ಗತಿ ತಿಳಿಯುತ್ತದೆ. ಬೆನ್ನಿನ ಫೋಟೋ ಕೊಡದ ಕಡೆ ಬಟ್ಟೆಯನ್ನು ಹಿಂದಿನಿಂದ ಪಿನ್ ಹಾಕಿ ಬಿಗಿದಿರಬಹುದೆಂಬ ಅನುಮಾನ ನನಗೆ ಹೋಗುವುದಿಲ್ಲ.

ಹತ್ತಿಗೂ ಲಿನನ್ನಿಗೂ ನೀರಿನ ಲೆಕ್ಕ ಬೇರೆ ಇದೆ. ಒಗೆಯದೆ ಹೊಲಿದ ಕೈಮಗ್ಗದ ಬಟ್ಟೆ ಮೊದಲ ನೀರಿಗೆ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗುತ್ತದೆ. 42 ಅಂಗುಲ ಉದ್ದದ ಕುರ್ತಾ ಒಂದೂವರೆ, ಎರಡು ಅಂಗುಲ ಮೇಲೇರಿತು ಅಂದರೆ ನಿಲುವೇ ಬೇರೆಯಾಯಿತು. ಆದ್ದರಿಂದ ಎರಡು ಸೈಜಿನ ನಡುವೆ ಮನಸ್ಸು ಹೊಯ್ದಾಡಿದರೆ ನನ್ನ ಮತ ದೊಡ್ಡದಕ್ಕೆ. ಉದ್ದ, ತೋಳು, ಪಕ್ಕೆ, ಈ ಮೂರನ್ನೂ ಓಣಿಯ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಕೂತ ಆಲ್ಟ್ರೇಶನ್‌ನವರು ಸಂಜೆಯೊಳಗೆ ತಿದ್ದಿಕೊಡುತ್ತಾರೆ. ಚಿಕ್ಕದಾದರೆ ಒಳಗೆ ಬಟ್ಟೆ ಬಿಟ್ಟಿದ್ದರಲ್ಲವೇ ಬಿಚ್ಚುವುದು? ಸಿದ್ಧ ಉಡುಪಿನವರು ಕಾಲಂಗುಲವನ್ನೂ ಬಿಡುವುದಿಲ್ಲ. ಹೆಗಲು ಮಾತ್ರ ಯಾರ ಕೈಯಲ್ಲೂ ಸುಲಭಕ್ಕೆ ತಿದ್ದಿಸಿಕೊಳ್ಳುವುದಿಲ್ಲ. ತೋಳು ಪೂರ್ತಿ ಬಿಚ್ಚಿ ಮತ್ತೆ ಕೂರಿಸಬೇಕು, ಆ ಕೂಲಿಯಲ್ಲಿ ಇನ್ನೊಂದು ಅಂಗಿಗೆ ಅರ್ಧ ಬಟ್ಟೆ ಬರುತ್ತದೆ.

ಹೀಗಾಗಿ ದುಬಾರಿ ಸಾದಾ ಬಟ್ಟೆಯವರ ಪುಟ ತೆರೆದಾಗ ನಾನು ಮೊದಲು ಹುಡುಕುವುದು ಹೆಗಲ ಅಂಕಿಯನ್ನು. ಒಂದೊಂದು ಉಡುಪಿಗೂ ಬಟ್ಟೆಯ ಅಳತೆ ಬೇರೆಬೇರೆಯಾಗಿ ಕೊಟ್ಟು, ಹೆಗಲನ್ನೂ ಸೇರಿಸಿ, ಒಗೆದು ಹೊಲಿದದ್ದೋ ಅಲ್ಲವೋ ಹೇಳಿದವರಿಗೆ ಅವರು ಕೇಳಿದ ಬೆಲೆ ಕೊಡಲು ಅಡ್ಡಿಯಿಲ್ಲ. ಬರೀ ಎಸ್, ಎಂ, ಎಲ್ ಬರೆದು ಕೆಳಗೆ ತತ್ವಜ್ಞಾನ ಹೇಳುವವರ ಪುಟದಲ್ಲಿ ಫೋಟೋ ನೋಡಿ, ಬಣ್ಣ ಮೆಚ್ಚಿ, ಪತ್ಥರ್‌ಗಟ್ಟಿಯ ಬಸ್ಸು ಹತ್ತುತ್ತೇನೆ.