ಆರು ಗೆರೆಯ ಕೆಂಪು ಹರಳು: ಎರಡು ಪರೀಕ್ಷೆ ಸಾಕೇ?

ಬಸವೇಶ್ವರನಗರದ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಂದುಗೆಂಪು ಹರಳೊಂದನ್ನು ಇಟ್ಟಿದ್ದರು. ದೀಪ ಹಿಡಿದರೆ ಅದರ ಮೇಲೆ ಆರು ಕಿರಣಗಳ ನಕ್ಷತ್ರ ಮೂಡುತ್ತಿತ್ತು. 'ಮೈಸೂರಿನ ನಕ್ಷತ್ರ ಮಾಣಿಕ್ಯ. ಅತಿ ಅಪರೂಪ, ಬಹಳ ಬೆಲೆಯುಳ್ಳದ್ದು' ಎಂದು ಚೀಟಿ. ಆಧಾರ ಎರಡು: ಗಾಜನ್ನು ಗೀರುತ್ತದೆ, ಸಾಪೇಕ್ಷ ಸಾಂದ್ರತೆ 4.0. ಹರಳು ವಿದ್ಯಾರ್ಥಿಯೊಬ್ಬನ ಅಜ್ಜಿಯದು. ಅದನ್ನು ಮಾರಿ ಕಾಲೇಜು ಶುಲ್ಕ ಕಟ್ಟುವ ಯೋಚನೆ ಮನೆಯವರಿಗಿದೆ ಎಂದು ಹುಡುಗ ಹೇಳಿದ. ಹಾಗಾಗಿ ಆ ಚೀಟಿಯನ್ನು ಸುಮ್ಮನೆ ಓದಿ ಬರುವಂತಿರಲಿಲ್ಲ.

ಅಳತೆ ಅಚ್ಚುಕಟ್ಟಾಗಿತ್ತು, ಅದನ್ನು ಮೆಚ್ಚಲೇಬೇಕು. ಗಾಳಿಯಲ್ಲಿ ತೂಕ 6.00 ಗ್ರಾಂ, ದಾರದಲ್ಲಿ ಕಟ್ಟಿ ನೀರಿನಲ್ಲಿ ತೂಗಿದಾಗ 4.50 ಗ್ರಾಂ. ಕಳೆದ 1.50ರಿಂದ 6.00ನ್ನು ಭಾಗಿಸಿದರೆ 4.0. ಶಾಲೆಯ ತಕ್ಕಡಿಯಲ್ಲಿ ಇಷ್ಟು ಮಾಡುವುದು ಸಣ್ಣ ಮಾತಲ್ಲ. ತಪ್ಪಿರುವುದು ತೀರ್ಮಾನದಲ್ಲಿ.

ನೀವೇ ಯೋಚಿಸಿ. ಗಾಜಿನ ಗಡಸುತನ ಮೋಹ್ಸ್ ಮಾಪಕದಲ್ಲಿ ಸುಮಾರು 5.5. ಮಾಣಿಕ್ಯದ ಮೂಲ ಖನಿಜವಾದ ಕುರುಂದದ್ದು 9. ಆದರೆ 7ರ ಬೆಣಚುಕಲ್ಲೂ ಗಾಜನ್ನು ಗೀರುತ್ತದೆ. (ಪಾಲಿಶ್ ಆದ ಹರಳನ್ನು ಹೀಗೆ ಉಜ್ಜುವುದೂ ಒಳ್ಳೆಯ ಅಭ್ಯಾಸವಲ್ಲ.) ಸಾಂದ್ರತೆ 4.0 ಎಂದರೆ ಸಾಮಾನ್ಯ ಗಾಜಲ್ಲ ಎಂಬುದು ಖಚಿತ, ಅದರ ಸಾಂದ್ರತೆ ಸುಮಾರು 2.5. ಆದರೆ ಕೆಂಪು ಗಾರ್ನೆಟ್‌ಗಳಲ್ಲಿ ಕೆಲವು 4ರ ಆಸುಪಾಸಿನಲ್ಲೇ ಇರುತ್ತವೆ. ನಕ್ಷತ್ರ ಗಾರ್ನೆಟ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಕಿರಣ. ಕತ್ತರಿಸಿದ ದಿಕ್ಕಿನ ಮೇಲೆ ಆರೂ ಕಾಣಬಹುದು.

ಇದಕ್ಕಿಂತ ದೊಡ್ಡ ತೊಡಕು ಕೃತಕ ಹರಳಿನದು. ವೆರ್ನೂಯಿ ಎಂಬ ಫ್ರೆಂಚ್ ರಸಾಯನವಿಜ್ಞಾನಿ 1902ರಲ್ಲೇ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ್ದ. ಅಮೆರಿಕದ ಲಿಂಡೆ ಕಂಪನಿಯ ಕೃತಕ ನಕ್ಷತ್ರ ಮಾಣಿಕ್ಯ 1947ರಲ್ಲಿ ಹೊರಬಂತು. ಅದೂ ಅಲ್ಯೂಮಿನಿಯಂ ಆಕ್ಸೈಡೇ. ಗಡಸುತನವೂ ಸಾಂದ್ರತೆಯೂ ನೈಸರ್ಗಿಕ ಹರಳಿನವೇ. ತಕ್ಕಡಿ ಇಲ್ಲಿ ಏನೂ ಹೇಳಲಾರದು. ಹತ್ತು ಪಟ್ಟಿನ ಭೂತಗನ್ನಡಿ ಸ್ವಲ್ಪ ಹೇಳಬಲ್ಲದು: ನೈಸರ್ಗಿಕ ಕುರುಂದದಲ್ಲಿ ಬೆಳವಣಿಗೆಯ ಪಟ್ಟೆಗಳು ನೇರ, ಷಟ್ಕೋನದ ಮೂಲೆಗಳಲ್ಲಿ ತಿರುಗುತ್ತವೆ, ಜ್ವಾಲೆಯಲ್ಲಿ ಬೆಳೆದದ್ದರಲ್ಲಿ ಗೆರೆಗಳು ಬಾಗಿರುತ್ತವೆ, ಗಾಳಿಗುಳ್ಳೆಗಳೂ ಇರಬಹುದು. ನಕ್ಷತ್ರ ತೀರ ತೆಳುವಾಗಿ, ಅಚ್ಚೊತ್ತಿದಂತೆ ಕಂಡರೆ ಅನುಮಾನಪಡಿ.

'ಅತಿ ಅಪರೂಪ' ಎಂಬುದಂತೂ ಒಪ್ಪುವ ಮಾತಲ್ಲ. ಕರ್ನಾಟಕದಲ್ಲಿ ಕುರುಂದ ಅಪರೂಪದ ಖನಿಜವಲ್ಲ. ಉಜ್ಜುವ ಪುಡಿಯಾಗಿಯೂ ಬಳಕೆಯಾಗಿದೆ. ಅಪರೂಪವಾದದ್ದು ಒಳ್ಳೆಯ ಬಣ್ಣ, ಬೆಳಕು ಹಾಯುವ ಗುಣ, ಹರಳಿನ ನಡುಮಧ್ಯೆ ನಿಂತ ನಕ್ಷತ್ರ. ನಮ್ಮ ಕಡೆಯ ನಕ್ಷತ್ರ ಹರಳುಗಳಲ್ಲಿ ಬಹಳಷ್ಟು ಮಬ್ಬು, ಕಪ್ಪುಛಾಯೆಯವು. ಬೆಲೆಯೂ ಅದಕ್ಕೆ ತಕ್ಕಂತೆ. ಸಂಗ್ರಾಹಕರಿಗಾದರೋ ಸಿಕ್ಕಿದ ಊರಿನ ದಾಖಲೆ ಮುಖ್ಯ. ಅದಿಲ್ಲದೆ 'ಮೈಸೂರು' ವ್ಯಾಪಾರದ ಹೆಸರಷ್ಟೇ.

ಆ ಚೀಟಿ ಹೀಗಿದ್ದರೆ ಸಾಕಿತ್ತು: 'ಆರು ಕಿರಣಗಳ ಕೆಂಪು ಹರಳು. ಸಾಪೇಕ್ಷ ಸಾಂದ್ರತೆ 4.0. ಗಾಜಲ್ಲ. ಕುರುಂದವಿರಬಹುದು, ನೈಸರ್ಗಿಕವೋ ಕೃತಕವೋ ರತ್ನಪರೀಕ್ಷಾ ಪ್ರಯೋಗಾಲಯದಲ್ಲಿ ನೋಡಿಸಬೇಕು. ಸಿಕ್ಕಿದ ಸ್ಥಳ: ಅಜ್ಜಿಯನ್ನು ಕೇಳಬೇಕು.'