ಕಬ್ಬಿನೊಳಗಿನ ಬಾಂದುಕಲ್ಲು

ನಮ್ಮ ಮಂಡ್ಯ ಸೀಮೆಯಲ್ಲಿ ಮನೆ ಕೊಳ್ಳಲು ಹೊರಟವರು ಮೊದಲು ವಾಸ್ತು ಕೇಳುತ್ತಾರೆ, ಆಮೇಲೆ ನೀರು, ಆಮೇಲೆ ಅಕ್ಕಪಕ್ಕದವರು ಯಾರು ಎಂದು. ಅಳತೆಯ ಮಾತು ಬರುವುದು ಅಡ್ವಾನ್ಸ್ ಕೊಟ್ಟು ಕರಾರುಪತ್ರಕ್ಕೆ ಸಹಿ ಬಿದ್ದ ಮೇಲೆ. ನನ್ನ ತಕರಾರು ಈ ಸರದಿಯ ಬಗ್ಗೆಯೇ. ಮಾರುವವರಿಗೆ ಸರ್ವೆ ಎಂದರೆ ಅನುಮಾನ. "ನಮ್ ತಾತನ ಕಾಲ್ದಿಂದ ಇದೇ ಬದ ಕನಣ್ಣ, ಅದ್ನೇನ್ ಅಳೀತೀರಿ?" ಅಂದುಬಿಟ್ಟರೆ ಕೊಳ್ಳುವವನೇ ನಾಚಿಕೊಂಡು ಸುಮ್ಮನಾಗುತ್ತಾನೆ.

ಕ್ರಯಪತ್ರವನ್ನು ಒಂದು ಕೃತಿಯಂತೆ ಓದಿ ನೋಡಬೇಕು. ಮಳವಳ್ಳಿ ಕಡೆ ನಮ್ಮ ಬಂಧುಗಳೊಬ್ಬರು ನೋಡಿದ್ದ ಹಳೇ ಹಂಚಿನ ಮನೆಯ ಪತ್ರದಲ್ಲಿ ಚಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಎಂದೋ ತೀರಿಹೋದವರೊಬ್ಬರ ಹಿತ್ತಲು, ದಕ್ಷಿಣಕ್ಕೆ ಮಾರುವವರದೇ ಉಳಿಕೆ ಜಾಗ, ಉತ್ತರಕ್ಕೆ ತಿಪ್ಪೆ. ತಿಪ್ಪೆಯಿದ್ದಲ್ಲಿ ಈಗ ಎರಡಂತಸ್ತಿನ ಮನೆ ಎದ್ದಿದೆ. ಪತ್ರದ ಅಡಿ ಲೆಕ್ಕ ಹಿಡಿದು ಟೇಪು ಎಳೆದರೆ ಬಚ್ಚಲುಮನೆಯ ಅರ್ಧ ಗೆರೆಯಾಚೆ ಬಿತ್ತು. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ಹಿಡಿಯುತ್ತವೆ. ಆದರೆ ತಿಪ್ಪೆಯ ಅಂಚು ಎಲ್ಲಿತ್ತೆಂದು ಸಾಕ್ಷಿ ಹೇಳುವವರು ಯಾರು?

ಹೊಲದಲ್ಲಿ ಎದ್ದ ಸೈಟುಗಳ ಕಥೆ ಬೇರೆ. ಅಲ್ಲಿ ನನಗೆ ಭಯ ಹುಟ್ಟಿಸುವ ಪದ 'ಪೈಕಿ'. ಇಂಥ ಸರ್ವೆ ನಂಬರಿನ ಪೈಕಿ ಇಷ್ಟು ಗುಂಟೆ ಎಂದರೆ ಎಷ್ಟು ಎಂಬುದು ಗೊತ್ತಾಗುತ್ತದೆ, ಎಲ್ಲಿ ಎಂಬುದು ಗೊತ್ತಾಗುವುದಿಲ್ಲ. ಪೋಡಿ ಆಗದ, ಅಂದರೆ ಪಾಲು ಅಳೆದು ಬೇರೆ ಮಾಡದ ಜಮೀನಿನ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರೆಲ್ಲ ಒಟ್ಟಿಗೇ ಕೂತಿರುತ್ತವೆ. ಒಂದು ಭಾಗವನ್ನಷ್ಟೇ ಮಾರಬೇಕಾದರೆ 11ಇ ನಕ್ಷೆ ಬೇಕೆಂಬ ನಿಯಮ ಬಂದದ್ದು ಈ ಗೊಂದಲಕ್ಕೇ. ಒಳ್ಳೆಯ ನಿಯಮ. ಆದರೆ ನಮ್ಮವರು ಅದನ್ನು ನೋಂದಣಿಗೆ ಬೇಕಾದ ಇನ್ನೊಂದು ಕಾಗದವನ್ನಾಗಿ ಮಾಡಿಕೊಂಡರು. ನಕ್ಷೆ ಕೈಯಲ್ಲಿ ಹಿಡಿದು ಜಾಗದ ಮೇಲೆ ನಿಂತವರನ್ನು ನಾನು ಕಂಡದ್ದು ಕಡಿಮೆ.

ಈ ಗುಂಟೆ ಲೆಕ್ಕದ ಬುಡ 1863ರಲ್ಲಿ ಮೈಸೂರು ಸೀಮೆಯಲ್ಲಿ ಶುರುವಾದ ಕಂದಾಯ ಸರ್ವೆ. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಒಂದು ಚದರ ಸರಪಳಿ ಒಂದು ಗುಂಟೆ, ಅಂದರೆ 1,089 ಚದರಡಿ. ಮೂವತ್ತು–ನಲವತ್ತರ ಸೈಟು 1,200. ಗುಂಟೆ ಲೆಕ್ಕದಲ್ಲಿ ಕೊಂಡು ಸೈಟಿನ ಲೆಕ್ಕದಲ್ಲಿ ಮನೆ ಕಟ್ಟುವವರು ಆ 111 ಚದರಡಿಯನ್ನು ಎಲ್ಲಿಂದ ತರುತ್ತಾರೋ! ಅಂದಿನ ಸರ್ವೆ ನಡೆದದ್ದು ಕಂದಾಯ ಕಟ್ಟಿಸಿಕೊಳ್ಳಲು. ಗದ್ದೆಯ ಮಟ್ಟಿಗೆ ಅಷ್ಟು ಸಾಕಿತ್ತು. ಗೋಡೆಗೆ ಗೇಣೂ ಜಗಳವೇ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಆ ಗೇಣಿಗೂ ಬೆಲೆ ಬಂದಿದೆ.

ಇನ್ನು ಖರಾಬು. ಎ-ಖರಾಬು ಉಳುಮೆಗೆ ಬಾರದ ನೆಲ; ಬಿ-ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಪಹಣಿಯ ಮೂರನೇ ಕಾಲಮ್ಮಿನಲ್ಲಿ ಎರಡೂ ಬರೆದಿರುತ್ತವೆ. ಹಳ್ಳ ಮುಚ್ಚಿ ಮಟ್ಟ ಮಾಡಿದ ಬಡಾವಣೆಯಲ್ಲಿ ನಿಂತಾಗ ಕಣ್ಣಿಗೆ ಕಾಣುವುದು ಕೆಂಪು ಮಣ್ಣು ಮಾತ್ರ. ಗ್ರಾಮನಕ್ಷೆ ತೆರೆದರೆ ಹಳ್ಳ ಹರಿಯುತ್ತಲೇ ಇದೆ.

ಸರ್ವೆ ನೆಲದ ಉದ್ದಗಲ ಹೇಳುತ್ತದೆ, ಗುಣ ಹೇಳುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆಗಳಲ್ಲಿ ಎಷ್ಟೋ ಕಡೆ ಜೌಗು. ಅಲ್ಲಿ ಕಟ್ಟಿದ ಮನೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಸುಣ್ಣ ಉದುರುತ್ತಿದ್ದರೆ ಕಾರಣ ಬಣ್ಣದಲ್ಲಿಲ್ಲ, ನೀರಿನಲ್ಲಿದೆ. ಇಂಗ್ಲೆಂಡಿನಲ್ಲಿ ಮನೆ ಸರ್ವೆ ಎಂದರೆ ತೇವ, ಚಾವಣಿ, ಬಿರುಕು ನೋಡುವುದು. ನಮ್ಮಲ್ಲಿ ಆ ಕೆಲಸವನ್ನು ಪರಿಚಯದ ಮೇಸ್ತ್ರಿ ಗೋಡೆ ತಟ್ಟಿ ಮುಗಿಸುತ್ತಾನೆ. ಅವನನ್ನಾದರೂ ಮಳೆಗಾಲದಲ್ಲಿ ಕರೆದೊಯ್ಯಬಾರದೇ?

ಮದ್ದೂರಿನ ಹತ್ತಿರ ಒಮ್ಮೆ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋಗಿದ್ದೆ. ನೋಟಿಸು ತಲುಪಿದ್ದ ಪಕ್ಕದ ಹಿಡುವಳಿದಾರರೂ ಮುಖ ಗಂಟಿಕ್ಕಿಕೊಂಡು ಬಂದಿದ್ದರು. ಭೂಮಾಪಕರು ಟಿಪ್ಪಣಿ ನೋಡಿಕೊಂಡು ಕಬ್ಬಿನೊಳಗೆ ನುಗ್ಗಿದರು, ಹಿಂದೆ ಗುದ್ದಲಿ ಹಿಡಿದ ಆಳು. ಅರ್ಧ ಗಂಟೆ ಕೆದಕಿದ ಮೇಲೆ ಠಣ್ ಅಂತು. ಬಾಂದುಕಲ್ಲೇ. ಎಲ್ಲರೂ ಬಗ್ಗಿ ನೋಡಿದೆವು. ಕಲ್ಲು ನಿಂತಿರಲಿಲ್ಲ, ಮಲಗಿತ್ತು. ನಿಂತಿದ್ದ ಗುಂಡಿ ಎಲ್ಲಿ ಎಂದು ಭೂಮಾಪಕರು ಕೇಳಿದರು. ಎರಡೂ ಕಡೆಯವರು ಕಬ್ಬಿನ ಸೋಗೆ ನೋಡುತ್ತ ನಿಂತರು.